ಮೂರು ಗಂಟಿನ ಕೀಲಿ

ದೊಡ್ಡಕ್ಕ ಮನೆಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುತ್ತಿದ್ದಳು. ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಹೋಗಿ ನಾಲ್ಕನೇ ಸಲ ಎಳೆಯುತ್ತಿದ್ದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬಂದ ದಿನಗಳು ಎಷ್ಟೋ. ಅವಳು ಏನು ಕಟ್ಟಿದರೂ ಮೂರು ಗಂಟು. ತಂಗಿಯ ಶೂ ದಾರಕ್ಕೂ ಮೂರು ಗಂಟೇ. ಅದನ್ನು ಬಿಚ್ಚಲಾಗದೆ ಆ ಹುಡುಗಿ ಶಾಲೆಯಿಂದ ಬಂದವಳೇ ಶೂ ಸಮೇತ ಮಂಚದ ಮೇಲೆ ಬಿದ್ದುಕೊಂಡು ಬೈಸಿಕೊಂಡದ್ದೂ ಉಂಟು. ಇಂಥ ಹೆಂಗಸು ಸತ್ತಾಗ ಸರ್ಕಾರಿ ಕಾಗದವೊಂದರಲ್ಲಿ ‘ಮೃತಳ ಸ್ವಂತ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ’ ಎಂದು ಬರೆದರು.

ಆ ಒಂದು ಸಾಲನ್ನು ಮೂರು ವರ್ಷ ಹೊಟ್ಟೆಯೊಳಗೆ ಕೆಂಡದ ಹಾಗೆ ಇಟ್ಟುಕೊಂಡು ಬದುಕಿದವಳು ತಂಗಿ. ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಚಿಕ್ಕಕ್ಕ ಎನ್ನುತ್ತಾರೆ. ಅಮ್ಮ ಹೋದಾಗ ಚಿಕ್ಕಕ್ಕನಿಗೆ ಏಳು, ದೊಡ್ಡಕ್ಕನಿಗೆ ಹದಿನೆಂಟು. ಅಲ್ಲಿಂದ ಮುಂದೆ ತಾಯಿ, ತಂದೆ, ಜಗಳಕ್ಕೆ ಜೊತೆ, ಎಲ್ಲವೂ ದೊಡ್ಡಕ್ಕನೇ.

ಕೆಲಸದ ಜಾಗವೆಂದರೆ ಊರಿನ ಕಸವೆಲ್ಲ ಬಂದು ಬೀಳುವ ಕಾರ್ಖಾನೆ; ಮೊದಲು ದೊಡ್ಡಕ್ಕ ದುಡಿದದ್ದೂ ಅಲ್ಲೇ. ತಗಡಿನ ಚಾವಣಿಯ ಕೆಳಗೆ ಹನ್ನೆರಡು ಮೀಟರ್ ಉದ್ದದ ಕಬ್ಬಿಣದ ಡ್ರಮ್ಮು, ಒಳಗೆ ಆಳು ಬಗ್ಗಿ ನಡೆಯುವಷ್ಟು ಅಗಲ, ಮೈತುಂಬ ತೂತು. ಮಲಗಿಸಿ ತಿರುಗಿಸುವ ದೊಡ್ಡ ಜರಡಿ ಅಂದುಕೊಳ್ಳಿ. ಒಂದು ತುದಿ ಚೂರು ಮೇಲೆ, ಇನ್ನೊಂದು ಚೂರು ಕೆಳಗೆ. ಮೇಲಿನ ಬಾಯಿಗೆ ಬೆಲ್ಟಿನಿಂದ ಕಸ ಬಿದ್ದರೆ ಮೊದಲಿನ ಸಣ್ಣ ತೂತುಗಳಲ್ಲಿ ಮಣ್ಣು, ಗಾಜಿನ ಪುಡಿ. ನಡುವಿನವುಗಳಲ್ಲಿ ಸಿಪ್ಪೆ, ಎಲೆ. ಕೊನೆಯ ದೊಡ್ಡ ತೂತುಗಳಲ್ಲಿ ಬಾಟಲಿ, ಡಬ್ಬಿ. ಎಲ್ಲಿಯೂ ಹಿಡಿಸದ ಚಾಪೆ, ಹಾಸಿಗೆಗಳು ಬಾಲದಿಂದ ಹೊರಗೆ. “ತಿರುಗ್ತಾ ಇದ್ರೆ ಸಾಕು ಕಣೇ, ಯಾವುದು ಎಲ್ಲಿ ಉದುರಬೇಕೋ ಅಲ್ಲೇ ಉದುರುತ್ತೆ” ಎಂದು ದೊಡ್ಡಕ್ಕ ತನ್ನ ಮಗುವಿನ ಜಾಣತನ ಹೇಳಿಕೊಳ್ಳುವವಳ ಹಾಗೆ ಹೇಳುತ್ತಿದ್ದಳು.

ಆ ಡ್ರಮ್ಮಿಗೆ ಒಂದೇ ಶತ್ರು: ಬಟ್ಟೆಯ ಪಟ್ಟಿ, ಪ್ಲಾಸ್ಟಿಕ್ ಹಗ್ಗ, ಹಳೆಯ ಟೇಪು. ಇವು ತೂತಿನಲ್ಲಿ ಅರ್ಧ ತೂರಿ, ಉಳಿದರ್ಧ ಸುತ್ತಿಕೊಂಡು, ಜರಡಿಯನ್ನು ಕೊಳವೆ ಮಾಡಿಬಿಡುತ್ತವೆ. ಆಗ ಯಂತ್ರ ನಿಲ್ಲಿಸಿ ಯಾರಾದರೂ ಒಳಗೆ ಹೋಗಿ ಚಾಕುವಿನಿಂದ ಕೊಯ್ದು ಬಿಡಿಸಬೇಕು. ದೊಡ್ಡಕ್ಕ ಸಣಕಲಿ, ಅದು ಅವಳ ಪಾಲಿನ ಕೆಲಸ. ಒಳಗೆ ಹೋಗುವವರು ಸ್ವಿಚ್ ಪೆಟ್ಟಿಗೆಯ ಕೀಲಿ ಕಿತ್ತು ತಮ್ಮ ಜೊತೆಗೇ ಒಯ್ಯಬೇಕು. ಕೀಲಿಯಿಲ್ಲದೆ ಡ್ರಮ್ಮು ತಿರುಗದು. ದೊಡ್ಡಕ್ಕ ಅದಕ್ಕೆ ಹಸಿರು ನೈಲಾನ್ ದಾರ ಪೋಣಿಸಿ, ಮೂರು ಗಂಟು ಹಾಕಿ, ಕೊರಳಿಗೇ ಹಾಕಿಕೊಂಡುಬಿಟ್ಟಿದ್ದಳು. ಊಟಕ್ಕೆ ಕೂತಾಗಲೂ ಕೀಲಿ ಕೊರಳಲ್ಲೇ.

ಕಾರ್ಖಾನೆಯ ಮ್ಯಾನೇಜರನಿಗೆ ಜನ ಇಟ್ಟ ಹೆಸರು ಗಡಿಯಾರ. ಮಾತಿಗೆ ಮೊದಲು ಮಣಿಕಟ್ಟು ನೋಡಿಕೊಳ್ಳುವ ಆಸಾಮಿ. ಲಾರಿಗಳು ಗೇಟಿನಲ್ಲಿ ಸಾಲಾಗಿ ನಿಂತರೆ ಅವನಿಗೆ ಮೈಮೇಲೆ ಇರುವೆ ಹರಿದ ಹಾಗೆ. ಮೂರು ವರ್ಷದ ಹಿಂದೆ ಹಾಗೆ ಹನ್ನೊಂದು ಲಾರಿ ನಿಂತ ಬೆಳಿಗ್ಗೆ, ದೊಡ್ಡಕ್ಕ ಒಳಗಿರುವಾಗ, ಡ್ರಮ್ಮು ತಿರುಗಿತು. ತಿರುಗಿಸಿದವನು ಗಡಿಯಾರ. ನಿಲ್ಲಿಸಿ ಮೊದಲು ಒಳಗೆ ನುಗ್ಗಿದವನೂ ಅವನೇ. ಉಳಿದವರನ್ನೆಲ್ಲ ಆಂಬುಲೆನ್ಸಿಗೆ ಫೋನ್ ಮಾಡಿ, ನೀರು ತನ್ನಿ, ಗೇಟು ತೆಗೆಯಿರಿ ಎಂದು ಅಟ್ಟಿದ.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಅವನು ಹೇಳಿದ್ದು ಇಷ್ಟೇ: “ಯಂತ್ರಕ್ಕಿರೋದು ಒಂದೇ ಕೀಲಿ ಸಾರ್. ಅದು ಸ್ವಿಚ್ಚಲ್ಲೇ ಇತ್ತು. ಕೀಲಿ ತೆಗೀದೇ ಒಳಗೆ ಹೋಗಿದ್ದಾಳೆ, ನನಗೆ ಹೇಗೆ ಗೊತ್ತಾಗಬೇಕು?” ಸತ್ತವರಿಗೆ ಬಾಯಿಲ್ಲ; ಅವರ ಮೇಲೆ ಗೂಬೆ ಕೂರಿಸುವುದಕ್ಕಿಂತ ಸುಲಭದ ಕೆಲಸ ಲೋಕದಲ್ಲಿಲ್ಲ. ಅಧಿಕಾರಿ ಕಾಫಿ ಆರುವ ಮೊದಲೇ ಬರೆದು ಮುಗಿಸಿದ.

ಆಸ್ಪತ್ರೆಯವರು ಕೊಟ್ಟ ಪೊಟ್ಟಣದಲ್ಲಿ ಹಸಿರು ದಾರವಿತ್ತು. ಗಂಟೂ ಇಲ್ಲ, ಕೀಲಿಯೂ ಇಲ್ಲ. ಹರಿದ ನೈಲಾನ್ ತುದಿ ನಾರುನಾರಾಗಿರುತ್ತದೆ. ಇದರ ಎರಡೂ ತುದಿ ಚಾಕುವಿನಿಂದ ಕೊಯ್ದ ಹಾಗೆ ನುಣ್ಣಗಿದ್ದವು. ಚಿಕ್ಕಕ್ಕ ಅದನ್ನು ಅಧಿಕಾರಿಯ ಬಳಿಗೆ ಒಯ್ದಳು. “ಯಂತ್ರದಲ್ಲಿ ಸಿಕ್ಕಿ ತುಂಡಾಗಿರುತ್ತೆ ಬಿಡಮ್ಮ” ಎಂದ ಆತ, ದಾರದ ಕಡೆ ತಿರುಗಿಯೂ ನೋಡದೆ.

ಅಂದು ಅವಳು ಆ ದಾರವನ್ನು ತನ್ನ ಕೊರಳಿಗೆ ಕಟ್ಟಿಕೊಂಡಳು. ಮರುವಾರ ಗಡಿಯಾರನ ಮುಂದೆ ನಿಂತು ಅಕ್ಕನ ಕೆಲಸ ಬೇಡಿದಳು. ಅಕ್ಕಪಕ್ಕದವರು ಛೀ ಥೂ ಎಂದರು. “ಅಕ್ಕ ಸತ್ತ ಜಾಗಕ್ಕೇ ಹೋಗ್ತಾಳಲ್ಲ, ಇವಳಿಗೆ ಕರುಳು ಅನ್ನೋದಿದೆಯಾ?” ಎಂದಳು ಸೋದರತ್ತೆ. ಕರುಳು ಇದ್ದದ್ದರಿಂದಲೇ ಚಿಕ್ಕಕ್ಕ ಹೋದದ್ದು.

ಗಡಿಯಾರನಿಗಂತೂ ಹಾಲು ಕುಡಿದಷ್ಟು ಸಂತೋಷ. ಸತ್ತವಳ ತಂಗಿಯೇ ತಲೆ ತಗ್ಗಿಸಿ ದುಡಿಯುತ್ತಿದ್ದಾಳೆಂದರೆ ತನ್ನದೇನೂ ತಪ್ಪಿಲ್ಲವೆಂದು ಊರಿಗೆಲ್ಲ ಸಾರಿದ ಹಾಗಲ್ಲವೇ! ಅವಳನ್ನು ಸ್ವಿಚ್ ಪೆಟ್ಟಿಗೆಯ ಹತ್ತಿರ, ಬೆಲ್ಟ್ ನೋಡಿಕೊಳ್ಳಲು ನಿಲ್ಲಿಸಿದ. ಅವಳು “ಹೂಂ ಸಾರ್, ಆಯ್ತು ಸಾರ್” ಎನ್ನುತ್ತಿದ್ದಳು. ಒಳಗೊಳಗೇ ಹಲ್ಲು ಮಸೆಯುತ್ತಿದ್ದಳು.

ಮೊದಲ ವರ್ಷ ಅವಳಿಗೆ ಬೇಕಾಗಿದ್ದದ್ದು ಅವನ ಹೆಣ. ಅವನು ಡ್ರಮ್ಮಿನ ಬಾಯಿಯ ಹತ್ತಿರ ಬೆನ್ನು ಹಾಕಿ ನಿಂತಾಗಲೆಲ್ಲ ಒಂದು ನೂಕು ಸಾಕು ಎನಿಸುತ್ತಿತ್ತು. ಆದರೆ ನೂಕಿದರೆ ಆಗುವುದೇನು? ಅವನ ಫೋಟೋ ಆಫೀಸಿನ ಗೋಡೆಗೆ ಏರುತ್ತದೆ, ಅಕ್ಕ ಕಾಗದದಲ್ಲಿ ಅಜಾಗರೂಕಳಾಗಿಯೇ ಉಳಿಯುತ್ತಾಳೆ. ಅಷ್ಟು ಅಗ್ಗಕ್ಕೆ ಅವನನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಇನ್ನೊಂದು ಕೀಲಿ ಇತ್ತೆಂದು ಅವನ ಬಾಯಿಂದಲೇ ಬರಬೇಕು, ನಾಲ್ಕು ಜನ ಕೇಳಬೇಕು.

ದಾರಿ ತೋರಿಸಿದವರು ಕಾರ್ಖಾನೆಯ ಎಲೆಕ್ಟ್ರಿಷಿಯನ್, ಎಲ್ಲರ ಪಾಲಿನ ವೈರಿಂಗ್ ಮಾವ. ಪಾಪ, ಏನೂ ಅರಿಯದೆ ತೋರಿಸಿದರು. ಅಕ್ಕ ಹೋದ ಮೇಲೆ ಒಂದು ಸೈರನ್ ಹಾಕಿಸಿದ್ದರು; ಡ್ರಮ್ಮು ತಿರುಗಿಸುವ ಮೊದಲು ಅರ್ಧ ನಿಮಿಷ ಕೂಗಿಸಬೇಕು. “ಅಷ್ಟೊತ್ತು ಏನು ಊದ್ತೀರಿ, ಲಾರಿ ಕಾಯ್ತಿದೆ” ಎಂದು ಗಡಿಯಾರ ಅದನ್ನು ಐದೇ ಸೆಕೆಂಡಿಗೆ ಇಳಿಸಿದ್ದ. ಒಂದು ದಿನ ವೈರಿಂಗ್ ಮಾವ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾಗ ಅವಳು ಕೇಳಿದಳು: “ಮಾವ, ಕೀಲಿ ಇಲ್ದಿದ್ರೆ ಸೈರನ್ನೂ ಆಗಲ್ವಾ?”

“ಅದಕ್ಕೆ ಕೀಲಿ ಯಾಕಮ್ಮ? ಅದರ ಲೈನೇ ಬೇರೆ. ಗುಂಡಿ ಒತ್ತಿದಷ್ಟು ಹೊತ್ತು ಕೂಗುತ್ತೆ. ಡ್ರಮ್ಮು ಮಾತ್ರ ಕದಲಲ್ಲ.”

“ಸಾರ್‌ಗೆ ಇದೆಲ್ಲ ಗೊತ್ತಾ?”

“ಆ ಮಹಾನುಭಾವನಿಗೆ ವಾಚು ಬಿಟ್ರೆ ಇನ್ಯಾವ ಯಂತ್ರ ಗೊತ್ತು?”

ಅಂದು ಅವಳು ಮನೆಗೆ ಬಂದು, ಎರಡು ವರ್ಷದಲ್ಲಿ ಮೊದಲ ಸಲ, ತಟ್ಟೆಯಲ್ಲಿ ಬಡಿಸಿಕೊಂಡದ್ದನ್ನೆಲ್ಲ ಉಂಡಳು.

ಮತ್ತೂ ಒಂದು ವರ್ಷ ಕಾಯಬೇಕಾಯಿತು. ಆ ಸಲದ ತಪಾಸಣೆಗೆ ಹೊಸ ಅಧಿಕಾರಿ ಬರುತ್ತಾರೆ, ಹೆಂಗಸಂತೆ, ಕಾಫಿ ಕೂಡ ಮುಟ್ಟುವುದಿಲ್ಲವಂತೆ ಎಂಬ ಸುದ್ದಿ ಬಂತು. ಹಿಂದಿನ ದಿನ ಚಿಕ್ಕಕ್ಕ ವಾರದಿಂದ ಮೂಲೆಯಲ್ಲಿ ಕೂಡಿಟ್ಟಿದ್ದ ಬಟ್ಟೆಯ ಪಟ್ಟಿ, ಹಗ್ಗ, ಟೇಪನ್ನೆಲ್ಲ ಹಸಿ ಕಸದ ಜೊತೆ ಬೆಲ್ಟಿಗೆ ಹತ್ತಿಸಿದಳು. ಸಂಜೆಯ ಹೊತ್ತಿಗೆ ಡ್ರಮ್ಮಿನ ಮುಕ್ಕಾಲು ತೂತು ಮುಚ್ಚಿದ್ದವು. ದೊಡ್ಡಕ್ಕನ ನಂತರ ಒಳಗೆ ಹೋಗುತ್ತಿದ್ದವನು ಕಡ್ಡಿ ಎಂಬ ಸಣಕಲ, ಎರಡು ಮಕ್ಕಳ ತಂದೆ. ಅವನಿಗೆ ಇಷ್ಟೇ ಹೇಳಿದಳು: “ನಾಳೆ ಭಯ ಆಗುತ್ತೆ ಅಂತ ಹೇಳು.” ಅವನು ಸುಳ್ಳು ಹೇಳಬೇಕಾಗಿರಲಿಲ್ಲ, ದಿನವೂ ಆಗುತ್ತಿತ್ತು.

ಬೆಳಿಗ್ಗೆ ಹತ್ತಕ್ಕೆ ಮೇಡಂ ಬಂದರು. ಮಣ್ಣು, ಸಿಪ್ಪೆ, ಬಾಟಲಿ ಎಲ್ಲ ಬೆರೆತು ಬಾಲದಿಂದ ಹೊರಗೆ ಬೀಳುವುದನ್ನು ನೋಡಿ ನಿಂತರು. “ಇದನ್ನ ಯಾರು ಕ್ಲೀನ್ ಮಾಡ್ತಾರೆ? ಹೇಗೆ ಮಾಡ್ತಾರೆ, ನನ್ನೆದುರಿಗೇ ಮಾಡಿ ತೋರಿಸಿ.”

ಡ್ರಮ್ಮು ನಿಲ್ಲಿಸಿದರು. ಗಡಿಯಾರ ಕಡ್ಡಿಯ ಕಡೆ ಕಣ್ಣು ಬಿಟ್ಟ. ಕಡ್ಡಿ ಹಿಂದಕ್ಕೆ ಸರಿದ. “ನನಗೆ ಭಯ ಮೇಡಂ. ಇದರೊಳಗೆ ಒಬ್ಬರು ಸತ್ತಿದ್ದಾರೆ.”

“ಅದು ಅವಳ ತಪ್ಪು!” ಗಡಿಯಾರ ಗುಡುಗಿದ. “ಮೇಡಂ, ಇದಕ್ಕೆ ಒಂದೇ ಕೀಲಿ. ಜೇಬಲ್ಲಿಟ್ಕೊಂಡು ಹೋದ್ರೆ ಯಮ ಬಂದ್ರೂ ತಿರುಗ್ಸೋಕಾಗಲ್ಲ.”

ಚಿಕ್ಕಕ್ಕ ತಲೆ ತಗ್ಗಿಸಿಕೊಂಡೇ ಹೇಳಿದಳು: “ಸಾರ್ ಹೇಳೋದು ಸರಿ ಮೇಡಂ. ಸಾರೇ ಒಂದ್ಸಲ ಹೋಗಿ ಬಂದ್ರೆ ನಮ್ಮವರಿಗೂ ಧೈರ್ಯ ಬರುತ್ತೆ.”

ಮೇಡಂ ಗಡಿಯಾರನ ಕಡೆ ನೋಡಿದರು. ಕೆಲಸಗಾರರೆಲ್ಲ ನೋಡಿದರು. ಆಡಿದ ಮಾತೇ ಕಾಲಿಗೆ ಸುತ್ತಿಕೊಂಡಿತ್ತು. ಅವನು ಒಂದು ಸಲ ವಾಚು ನೋಡಿ, ಕೀಲಿ ಕಿತ್ತು ಜೇಬಿಗೆ ಹಾಕಿ, ಚಾಕು ಹಿಡಿದು, ಬಗ್ಗಿ ಒಳಗೆ ಹೋದ. ಹನ್ನೆರಡು ಮೀಟರಿನ ನಟ್ಟನಡುವೆ ಅವನ ಬೆನ್ನು ಕಾಣಿಸಿತು. ಅಕ್ಕ ಸಿಕ್ಕಿದ್ದು ಅಲ್ಲೇ.

ಚಿಕ್ಕಕ್ಕ ಗುಂಡಿ ಒತ್ತಿದಳು.

ಸೈರನ್ ಕೂಗಿತು. ಐದು ಸೆಕೆಂಡಿನದಲ್ಲ, ನಿಯಮದ ಪ್ರಕಾರ ಪೂರ್ತಿ ಅರ್ಧ ನಿಮಿಷದ ಕೂಗು. ಡ್ರಮ್ಮಿನೊಳಗೆ ಚಾಕು ಬಿದ್ದ ಸದ್ದಾಯಿತು. ಆಮೇಲೆ ಕೂಗಿಗಿಂತ ಜೋರಾಗಿ ಅವನ ಚೀರಾಟ: “ನಿಲ್ಸಿ! ಅವಳನ್ನ ಹಿಡ್ಕೊಳ್ಳಿ! ಇನ್ನೊಂದು ಕೀಲಿ ಅವಳ ಹತ್ರ ಇದೆ! ನನ್ನ ಡ್ರಾಯರಿನಿಂದ ಕದ್ದಿದ್ದಾಳೆ! ಹಿಡ್ಕೊಳ್ಳಿ ಅವಳನ್ನ!”

ಮೇಡಂ ಓಡಿ ಬಂದರು. ಚಿಕ್ಕಕ್ಕ ಒಂದು ಕೈ ಗುಂಡಿಯ ಮೇಲೇ ಇಟ್ಟು, ಇನ್ನೊಂದು ಕೈಯನ್ನು ಬಿಚ್ಚಿ ತೋರಿಸಿದಳು. ಬರಿಗೈ. ವೈರಿಂಗ್ ಮಾವ, “ಬರೀ ಸೈರನ್ ಮೇಡಂ, ಡ್ರಮ್ಮು ತಿರುಗಲ್ಲ” ಎಂದು ಕೂಗಿ ಹೇಳಿದರು. ಅರ್ಧ ನಿಮಿಷ ಮುಗಿಯುವವರೆಗೂ ಅವಳು ಬೆರಳು ತೆಗೆಯಲಿಲ್ಲ. ಒಂದೊಂದು ಚೀರಾಟವೂ ಅವಳಿಗೆ ಬಾಯಾರಿದವಳಿಗೆ ನೀರಿನ ಹಾಗೆ ಇಳಿಯಿತು, ಅದನ್ನು ಮುಚ್ಚಿಡುವುದೇಕೆ?

ಗಡಿಯಾರ ನಾಲ್ಕು ಕಾಲಲ್ಲಿ ಹೊರಗೆ ಬಂದ. ಅಂಗಿಗೆ ಕೊಳೆತ ಸಿಪ್ಪೆ ಮೆತ್ತಿತ್ತು, ವಾಚಿನ ಗಾಜು ಒಡೆದಿತ್ತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ” ಎಂದ ಕಡ್ಡಿ, ಎಲ್ಲರಿಗೂ ಕೇಳುವ ಹಾಗೆ.

“ಕೀಲಿ ನಿಮ್ಮ ಜೇಬಲ್ಲೇ ಇದೆಯಲ್ಲ” ಎಂದರು ಮೇಡಂ. “ಇನ್ನೊಂದು ಎಲ್ಲಿಂದ ಬಂತು?”

ಮೇಡಂ ಅವನನ್ನು ಮುಂದಿಟ್ಟುಕೊಂಡು ಆಫೀಸಿಗೆ ನಡೆದರು, ಹಿಂದೆ ಎಲ್ಲರೂ. ಡ್ರಾಯರಿನ ತಳದಲ್ಲಿ, ಹಳೆಯ ರಸೀದಿಗಳ ಕೆಳಗೆ, ಕೀಲಿ ಸಿಕ್ಕಿತು. ಯಾರೂ ಕದ್ದಿರಲಿಲ್ಲ. ಅದರ ತೂತಿನಲ್ಲಿ ಬೆರಳುದ್ದ ಹಸಿರು ದಾರದ ತುಂಡು ಇನ್ನೂ ಬಿಗಿದುಕೊಂಡಿತ್ತು. ಆ ದಿನ ಗಡಿಬಿಡಿಯಲ್ಲಿ ಗಡಿಯಾರ ಅದನ್ನು ಅಕ್ಕನ ಕೊರಳಿನಿಂದ ಕೊಯ್ದು ತೆಗೆದಿದ್ದ. ಆಮೇಲೆ ಬಿಚ್ಚಲು ನೋಡಿರಬೇಕು, ಬಂದಿಲ್ಲ. ಅದು ಬಿಚ್ಚುವ ಗಂಟಲ್ಲ ಎಂದು ಚಿಕ್ಕಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವಳು ತನ್ನ ಕೊರಳಿನ ದಾರ ಬಿಚ್ಚಿ ಮೇಜಿನ ಮೇಲೆ, ಕೀಲಿಯ ಪಕ್ಕದಲ್ಲಿ ಇಟ್ಟಳು. ಅದೇ ಹಸಿರು. ನುಣ್ಣಗೆ ಕೊಯ್ದ ತುದಿಗೆ ನುಣ್ಣಗೆ ಕೊಯ್ದ ತುದಿ.

“ಗಂಟು ಎಣಿಸಿ ಮೇಡಂ.”

ಮೇಡಂ ಕನ್ನಡಕ ಏರಿಸಿ ಎಣಿಸಿದರು. “ಮೂರು.”

“ಇಂಥವಳನ್ನ ಅಜಾಗರೂಕಳು ಅಂತ ಬರೆದ್ರು. ಅದನ್ನ ಹೊಡೆದು ಹಾಕಿ, ಈಗಲೇ, ನನ್ನ ಮುಂದೆ.”

ಮೇಡಂ ಬ್ಯಾಗಿನಿಂದ ಪೆನ್ನು ತೆಗೆದರು. ಹಳೆಯ ಕಾಗದ ತಿದ್ದಲು ಬರುವುದಿಲ್ಲ, ಹೊಸದಾಗಿಯೇ ಬರೆಯಬೇಕು ಎಂದು ಮೊದಲ ಸಾಲಿನಿಂದ ಶುರು ಮಾಡಿದರು, ನಿಧಾನವಾಗಿ, ಪ್ರತಿ ಸಾಲನ್ನೂ ಓದಿ ಹೇಳುತ್ತ.

ಗಡಿಯಾರ ಕುರ್ಚಿಯಲ್ಲಿ ಕುಸಿದಿದ್ದ. “ಬೇಕಂತ ಮಾಡಿಲ್ಲಮ್ಮ” ಎಂದ. “ಅವಳು ಹೊರಗೆ ಬಂದಿರ್ತಾಳೆ ಅಂದ್ಕೊಂಡೆ. ಕೀಲಿ ಯಾವಾಗಲೂ ಕೊರಳಲ್ಲೇ ಇರ್ತಿತ್ತಲ್ಲ. ಹನ್ನೊಂದು ಲಾರಿ ನಿಂತಿತ್ತು, ಅರ್ಜೆಂಟಿತ್ತು, ಡ್ರಾಯರಲ್ಲಿದ್ದ ಇನ್ನೊಂದು ಕೀಲಿ ಹಾಕಿ ತಿರುಗಿಸಿಬಿಟ್ಟೆ. ನೀನು ಮಾಡಿದ್ದಿದೆಯಲ್ಲ, ನನ್ನ ಎದೆನೇ ಒಡೆದು ಹೋಗ್ತಿತ್ತು. ಆ ಸೈರನ್ನು, ಆ ಕತ್ತಲೆ... ಅರ್ಧ ನಿಮಿಷ!”

ಚಿಕ್ಕಕ್ಕ ಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖಕ್ಕೆ ಮುಖ ಕೊಟ್ಟು ನೋಡಿದಳು.

“ನಿನಗೆ ಅರ್ಧ ನಿಮಿಷ ಸಿಕ್ತು” ಎಂದಳು. “ನಮ್ಮಕ್ಕನಿಗೆ ಅದೂ ಸಿಗ್ಲಿಲ್ಲ.”