ಮೌನಪ್ಪನ ಆಯ

ಬೇಸಿಗೆ ರಜೆಯ ಮಧ್ಯಾಹ್ನದ ನಿದ್ದೆಯಷ್ಟು ಸುಖ ಬೇರೊಂದಿಲ್ಲ. ಅದಕ್ಕೆ ಪಗಾರವೂ ಬರುತ್ತದೆಂಬುದು ಅಣ್ಣಿಗೇರಿಯ ಶಾಲಾ ಮಾಸ್ತರನಾದ ನನಗೆ ತಿಳಿದಿರುವ ಪರಮ ರಹಸ್ಯ. ಗೊರಕೆ ಹೊಡೆಯುವವನಿಗೆ ಸರಕಾರ ಸಂಬಳ ಏಕೆ ಕೊಡಬೇಕೆಂದು ಯಾರೂ ಕೇಳಿಲ್ಲ. ನೀವಾಗಿ ಕೇಳುವವರೆಗೆ ನಾನೂ ಆ ಮಾತು ಎತ್ತುವವನಲ್ಲ. ಆದರೆ ಈ ಸಲ ನಿದ್ದೆ ಹತ್ತುತ್ತಿಲ್ಲ. ಸುಗ್ಗಿಯಲ್ಲಿ ನಮ್ಮೂರು ಶಲವಡಿಗೆ ಹೋದಾಗ ನಮ್ಮ ಕಾಕಾನ ಕಣದಲ್ಲಿ ಕಂಡದ್ದು ಮನಸ್ಸಿನಿಂದ ಹೋಗುತ್ತಿಲ್ಲ.

ನಮ್ಮ ಕಡೆ ಬಡಿಗ, ಕಂಬಾರರಿಗೆ ಕೆಲಸಕ್ಕಿಷ್ಟು ಎಂಬ ಕೂಲಿ ಇರಲಿಲ್ಲ. ರಾಶಿಯಾದ ಜೋಳ ಮನೆಗೆ ಹೋಗುವ ಮೊದಲೇ ಕಣದಲ್ಲಿ ಅವರ ಪಾಲು ತೆಗೆದಿಡಬೇಕು. ಅದಕ್ಕೆ ಆಯ ಎನ್ನುತ್ತಾರೆ. ಆ ವರ್ಷ ಬಿತ್ತುವ ಕೂರಿಗೆ ಮುರಿಯಲಿ ಬಿಡಲಿ, ಬಡಿಗ ಜ್ವರ ಬಂದು ಮಲಗಿರಲಿ, ಆಯ ತಪ್ಪುವಂತಿರಲಿಲ್ಲ. ಅವನು ಆ ಊರಿನವನೆಂಬ ಒಂದೇ ಅರ್ಹತೆ ಸಾಕಾಗುತ್ತಿತ್ತು.

ಊರಿಗೆ ಟ್ರ್ಯಾಕ್ಟರ್ ಬಂದ ಮೇಲೆ ಮರದ ಕೂರಿಗೆ, ರಂಟೆಗಳು ಮೂಲೆ ಸೇರಿದವು. ಹಿರಿಯರು ಕೂಡಿ, ಆಯ ಹಳೇ ಕಾಲದ್ದು, ಇನ್ನು ದುಡಿದವನಿಗೆ ಆಗಿಂದಾಗಲೇ ರೊಕ್ಕ ಎಂದು ಠರಾವು ಮಾಡಿದರು. ದುಡಿಮೆಗೆ ಗೌರವ ಎಂಬ ಮಾತು ಕೇಳಲು ಚೆನ್ನಾಗಿಯೇ ಇತ್ತು. ಕೈ ನಡುಗಿ ಮರ ಕೆತ್ತುವ ಬಾಚಿ ಹಿಡಿಯಲಾಗದ ಮುದುಕ ಬಡಿಗ ಮೌನಪ್ಪನಿಗೆ ಈ ಸುದ್ದಿಯನ್ನು ಬೇರೆ ಯಾರಾದರೂ ಹೇಳಿರಬೇಕೆಂದು ಪ್ರತಿಯೊಬ್ಬರೂ ತಿಳಿದಿದ್ದರು. ಯಾರೂ ಹೇಳಿರಲಿಲ್ಲ.

ಅವನು ಎಂದಿನಂತೆ ಖಾಲಿ ಚೀಲ ಹಿಡಿದು ಕಣಕ್ಕೆ ಬಂದು ರಾಶಿಗೆ ಕೈಮುಗಿದು ನಿಂತ. ಕಾಕಾ ಅವನ ಮುಖ ನೋಡದೆ, "ಮೌನಪ್ಪಾ, ಈ ಸಲದಿಂದ ಆಯ ಇಲ್ಲೋ. ಕೆಲಸಕ್ಕ ಕೂಲಿ ಅಂತ ಆಗೇತಿ" ಎಂದರು. ಮುದುಕನ ಕೈಯ ಚೀಲ ಇಳಿಬಿದ್ದದ್ದನ್ನು ಕಂಡು ಅವರಿಗೇ ತಡೆಯಲಾಗಲಿಲ್ಲ. "ಇರ್ಲಿ, ಚೀಲ ಹಿಡಿ. ನಾ ತುಂಬಿ ಕೊಡ್ತೀನಿ."

"ಬ್ಯಾಡ್ರಿ ಗೌಡ್ರ. ಇಷ್ಟ್ ದಿನ ನನ್ನ ಪಾಲು ಒಯ್ದೀನಿ. ಈಗ ಒಯ್ದ್ರ ಭಿಕ್ಷಾ ಆಕ್ಕೈತಿ."

"ಮತ್ತ ಉಣ್ಣಾಕ ಏನ್ ಮಾಡ್ತಿ?"

ಜೋಳ ಅದೇ, ಅಳೆಯುವ ಕೈಯೂ ಅದೇ. ಹಕ್ಕನ್ನು ಕಿತ್ತುಕೊಂಡು ಅದರ ಜಾಗದಲ್ಲಿ ಕರುಣೆಯನ್ನಿಟ್ಟರೆ ಮನುಷ್ಯನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲವೆಂದು ನನಗೆ ಅಂದು ತಿಳಿಯಿತು, ಮತ್ತು ಬಹಳ ದುಃಖವಾಯಿತು.

ಮೌನಪ್ಪ ಕಣದಿಂದ ಇಳಿದು ಹೊರಟ. ಕಣದ ಅಂಚಿನ ದಾರಿಯಲ್ಲಿ ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದ ಪಕ್ಕದ ಹೊಲದವನು, "ಏನ್ ಮೌನಪ್ಪಾ, ಈ ಬಿಸಲಾಗ ಇತ್ತಾಗ ಬಂದಿ?" ಎಂದು ಕೇಳಿದ.

ಮೌನಪ್ಪ ಚೀಲವನ್ನು ಮಡಚಿ ಕಂಕುಳಲ್ಲಿ ಒತ್ತಿ ಹಿಡಿದು ಹೇಳಿದ, "ಏನಿಲ್ರಿ, ರಾಶಿ ನೋಡೂಣು ಅಂತ ಬಂದಿದ್ದೆ."