ಅವ್ವನ ಉಡಿಗೆ ಬಿದ್ದ ದಾಳಿಂಬೆ

ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ದಾಳಿಂಬೆ ಬೆಳೆಯುವ ನಮ್ಮಂಥವರ ಮನೆಯಲ್ಲಿ ಒಂದು ಕಾಯಿದೆ ಇದೆ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಚೆಂದದ ಹಣ್ಣು ಪೇಟೆಗೆ, ಒಡೆದ ಹಣ್ಣು ಮನೆಗೆ. ನಾನು ಮದುವೆಯಾಗಿ ಹರಪನಹಳ್ಳಿಗೆ ಬರುವತನಕ ಬಾಯಿ ಬಿಡದ ದಾಳಿಂಬೆಯನ್ನು ತಿಂದವಳೇ ಅಲ್ಲ.

ಎರಡು ವರ್ಷದ ಹಿಂದೆ ಅವ್ವನಿಗೆ ಗರ್ಭಕೋಶದಲ್ಲಿ ಗಡ್ಡೆಯಾಯಿತು. ತಿಂಗಳು ತಿಂಗಳು ರಕ್ತ ಹೋಗಿ ಮುಖ ಬಿಳುಚಿಕೊಂಡಿತ್ತು. ಹರಪನಹಳ್ಳಿಯ ಡಾಕ್ಟರಮ್ಮ ಪರೀಕ್ಷೆಯ ಚೀಟಿ ನೋಡಿ, "ರಕ್ತದ ಅಂಶ ಎಂಟೈತಿ. ಹತ್ತು ದಾಟೋತನಕ ಆಪರೇಷನ್ ಮಾಡಾಕ ಬರಲ್ಲ. ಒಂದೂವರೆ ತಿಂಗಳಿಗೆ ಬರ್ರಿ, ಇನ್ನೂ ತಡ ಆದ್ರ ಜೀವಕ್ಕ ಚೊಲೋ ಅಲ್ಲ" ಎಂದರು. ಕಬ್ಬಿಣದ ಮಾತ್ರೆ ಕೊಟ್ಟು, "ದಾಳಿಂಬಿನೂ ತಿನ್ರಿ. ಆದ್ರ ಅದು ಮಾತ್ರಿಗೆ ಜೋಡಿ, ಮಾತ್ರಿ ಬದಲಿಗಲ್ಲ" ಎಂದೂ ಹೇಳಿದರು.

"ನಮ್ಮ ಹೊಲದಾಗ ಹಣ್ಣಿಗೇನು ಬರ ಐತ್ರಿ?" ಎಂದು ಅವ್ವ ನಕ್ಕಳು.

ಬರ ಇತ್ತು. ಆ ಸಲ ಬೆಳೆ ಹದವಾಗಿ ಬಂದಿತ್ತು, ಗಿಡದಲ್ಲಿ ಒಂದು ಹಣ್ಣೂ ಒಡೆದಿರಲಿಲ್ಲ. ಬೆಳೆ ಚೆನ್ನಾಗಿ ಬಂದ ತಪ್ಪಿಗೆ ಅವ್ವನ ಪಾಲಿಗೆ ಹಣ್ಣೇ ಇಲ್ಲ! ವಾರ ಬಿಟ್ಟು ಹೋಗಿ ನೋಡಿದರೆ ಅರ್ಧ ಮಾತ್ರೆ ಹಾಗೇ ಉಳಿದಿದ್ದವು. ನುಂಗಿದರೆ ಹೊಟ್ಟೆ ತೊಳಸುತ್ತದಂತೆ. ಹಣ್ಣಿನ ಜೊತೆ ನುಂಗು ಎಂದರೆ, "ಒಡೆದದ್ದು ಸಿಗಲಿ ತಡಿ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲೆ ಹರಿಹಾಯ್ದೆ. ಆತ ಪಾಪ, "ಬ್ಯಾಡ ಅಂದೋರು ಯಾರವ್ವ? ಹರಕೊಂಡು ತಿನ್ನಲಿ" ಎಂದ. ನಿಜ, ಆತ ಯಾವತ್ತೂ ಬೇಡ ಎಂದವನಲ್ಲ. ತಿನ್ನು ಎಂದವನೂ ಅಲ್ಲ.

ಇದೇ ಹಣ್ಣಿನ ಗುಣ ಹಾಡಿ ಹೊಗಳುವವರು ನಾವು. ಹೊಟ್ಟೆ ಕೆಟ್ಟರೆ ಅಜ್ಜಿ ಒಣಗಿಸಿಟ್ಟ ಸಿಪ್ಪೆಯನ್ನು ಕುಟ್ಟಿ ಮಜ್ಜಿಗೆಯಲ್ಲಿ ಕಲಸಿ ಕುಡಿಸುತ್ತಿದ್ದಳು. ವಸಡು ಬಾತರೆ ಅದೇ ಸಿಪ್ಪೆಯ ಕಷಾಯ ಮುಕ್ಕಳಿಸಬೇಕು. ಎಲ್ಲೋ ಪರ್ಷಿಯಾ ಕಡೆಯಿಂದ ಬಂದ ಹಣ್ಣಂತೆ. ಪೇಟೆಯಲ್ಲಿ ಹಣ್ಣು ಮಾರುವ ಸಾಹೇಬರು ಈಗಲೂ ಅನಾರ್ ಎಂದೇ ಕೂಗುತ್ತಾರೆ. ಬಂದದ್ದು ಎಲ್ಲಿಂದಲಾದರೂ, ನಮ್ಮ ಹೆಂಗಸರು ಅದನ್ನು ಉಡಿಗೆ ಹಾಕಿಕೊಂಡರು. ಕಾಳು ತುಂಬಿದ ಹಾಗೆ ಮನೆಯೂ ತುಂಬಿರಲಿ ಎಂದು ಉಡಿ ತುಂಬುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆಯ ಜೊತೆ ದಾಳಿಂಬೆ ಇಡುತ್ತಾರೆ. ಉಡಿಗೆ ಬಿದ್ದದ್ದನ್ನು ಮಾರುವ ಹಾಗಿಲ್ಲ. ಆ ಹೆಂಗಸು ತಿನ್ನಲೇಬೇಕು.

ಇದು ಹೊಳೆದದ್ದೇ ತಡ, ಪಕ್ಕದ ಮನೆಯ ಚಿಗವ್ವನ ಬಳಿ ಓಡಿದೆ. ಆಪರೇಷನ್ ಸುಸೂತ್ರವಾಗಲಿ ಎಂದು ಐದು ಶುಕ್ರವಾರ ಉಡಿ ತುಂಬುವ ಹರಕೆ ಹೊತ್ತಿದ್ದೇವೆ ಎಂದು ಅವ್ವನಿಗೆ ಹೇಳುವುದು, ಇಷ್ಟೇ ನಮ್ಮ ಸಂಚು. ಮೊದಲ ಶುಕ್ರವಾರ ಓಣಿಯ ಐವರು ಮುತ್ತೈದೆಯರು ಬಂದು ಒಂದೊಂದು ಇಡೀ ಹಣ್ಣಿಗೆ ಅರಿಷಿಣ ಕುಂಕುಮ ಹಚ್ಚಿ ಅವ್ವನ ಸೆರಗಿಗೆ ಹಾಕಿದರು. ಹಣ್ಣು ನಮ್ಮ ಹೊಲದವೇ. ಚಿಗವ್ವ ಹಾಡುಹಗಲೇ ಹರಿದು ತಂದಿದ್ದಳು.

ಅಪ್ಪನಿಗೆ ಹೇಳುವುದನ್ನೇ ಮರೆತಿದ್ದೆವು. ಅವ್ವ ಪಡಸಾಲೆಯ ಬುಟ್ಟಿಯಲ್ಲಿ ಇಳಿಸಿಟ್ಟಿದ್ದ ಐದು ಒಳ್ಳೆಯ ಹಣ್ಣು ಕಂಡದ್ದೇ ಆತ ಕುಂಕುಮ ಗಮನಿಸದೆ ಅವನ್ನೂ ಪೇಟೆಗೆ ಹೋಗುವ ರಟ್ಟಿನ ಡಬ್ಬಿಗಳಿಗೆ ತುಂಬಿಬಿಟ್ಟ. ಅವ್ವ ಬುಟ್ಟಿ ನೋಡಿದಳು, ಅಪ್ಪನನ್ನು ನೋಡಿದಳು.

"ಉಡಿಯಾಗಿಂದು ಪ್ಯಾಟಿಗೆ ಕಳಸ್ತೀರೇನು? ತಗೀರಿ ಹೊರಗ."

"ಯಾವ ಡಬ್ಬ್ಯಾಗ ಹೋಗ್ಯಾವೋ ಏನೋ ಮಾರಾಯ್ತಿ."

"ಎಲ್ಲಾ ಬಿಚ್ರಿ."

ಅವ್ವ ಅಪ್ಪನಿಗೆ ಎದುರು ಹೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅಪ್ಪ ಅಂಟಿಸಿದ್ದ ಡಬ್ಬಿಗಳನ್ನೆಲ್ಲ ಬಿಚ್ಚಿ, ಕುಂಕುಮದ ಕಲೆ ಹುಡುಕಿ ಐದನ್ನೂ ತಂದಿಟ್ಟ. ಅವ್ವ ಅಲ್ಲೇ ಕುಳಿತು ಒಂದನ್ನು ಒಡೆದು, ಬೊಗಸೆ ಕಾಳು ತಿಂದು ಮಾತ್ರೆ ನುಂಗಿದಳು. ಹೊಟ್ಟೆ ತೊಳಸಲಿಲ್ಲ. ಆಮೇಲೆ ದಿನಾ ಅದೇ ರೂಢಿಯಾಯಿತು, ಮಾತ್ರೆ ಒಂದೂ ತಪ್ಪಲಿಲ್ಲ.

ಐದನೆಯ ಶುಕ್ರವಾರ ಕಳೆದು ಪರೀಕ್ಷೆ ಮಾಡಿಸಿದರೆ ರಕ್ತ ಹತ್ತು ದಾಟಿತ್ತು. ಡಾಕ್ಟರಮ್ಮ ಮಾತ್ರೆ ಕೆಲಸ ಮಾಡಿದೆ ಎಂದರು, ಚಿಗವ್ವ ಹಣ್ಣು ಎಂದಳು. ನಾನು ಇಬ್ಬರಿಗೂ ಹೂಂ ಎಂದೆ. ಆಪರೇಷನ್ ಸುಸೂತ್ರವಾಯಿತು.

ಮೂರನೆಯ ದಿನ ಅವ್ವ ಆಸ್ಪತ್ರೆಯ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದಳು. ಅಪ್ಪ ಕಿಟಕಿಯ ಹತ್ತಿರ ಇದ್ದ. ಅವ್ವ ಇದ್ದಕ್ಕಿದ್ದಂತೆ ನಕ್ಕು, "ಹರಕಿ ಅಂತ, ಹರಕಿ! ಯಾವ ದೇವರಿಗಂತ ಕೇಳಿದ್ರ ಒಬ್ಬಾಕಿ ಕೊಟ್ಟೂರ ದೇವರಿಗೆ ಅಂದ್ಲು, ಇನ್ನೊಬ್ಬಾಕಿ ಎಲ್ಲವ್ವಗ ಅಂದ್ಲು. ಎರಡನೇ ಶುಕ್ರವಾರನ ಗೊತ್ತಾತು ನನಗ" ಎಂದಳು.

"ಗೊತ್ತಾದ ಮ್ಯಾಲೂ ಸುಮ್ನ ಯಾಕ ಕುಂತಿ?" ಎಂದೆ.

ಅವ್ವ ತನ್ನ ಅಂಗೈ ನೋಡಿಕೊಂಡಳು. "ಇಷ್ಟು ವರ್ಷದಾಗ ಒಂದು ಇಡೀ ಹಣ್ಣು ನನ್ನ ಕೈಯಾಗ ಕೊಟ್ಟೋರು ಯಾರಿದ್ರು? ಈಗ ಅವರು ಕೊಡಾಕತ್ತಿದ್ರು. ಇಸಗೊಳ್ಳಾಕ ಹಿತ ಅನಸ್ತಿತ್ತು."

ತವರಿಗೆ ಹೋಗುವಾಗ ಬಾಳೆಹಣ್ಣು ಒಯ್ದಿದ್ದೇನೆ, ಬಿಸ್ಕತ್ತು ಒಯ್ದಿದ್ದೇನೆ. ದಾಳಿಂಬೆ ಬೆಳೆಯುವವರಿಗೆ ದಾಳಿಂಬೆ ಯಾಕೆ ಎಂದುಕೊಂಡವಳು ನಾನೂ ಹೌದು. ನಾಚಿಕೆಯಾಯಿತು.

ಅಪ್ಪ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಚಹಾ ಕುಡಿಯಲು ಹೋದನೆಂದುಕೊಂಡೆ. ಬಂದಾಗ ಕೈಯಲ್ಲಿ ಬಸ್ ನಿಲ್ದಾಣದ ತಳ್ಳುಗಾಡಿಯಲ್ಲಿ ಕೊಂಡ ಒಂದೇ ಒಂದು ದಾಳಿಂಬೆ ಇತ್ತು. ಹುಟ್ಟಿದಾಗಿನಿಂದ ಆತ ಆ ಹಣ್ಣನ್ನು ಕೊಂಡವನಲ್ಲ. ಅದನ್ನು ಅವ್ವನ ಕೈಯಲ್ಲಿಟ್ಟ.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಎಂಥಾದ್ದು ತಂದೀರಿ, ತೂಕನ ಇಲ್ಲ. ನಿಮಗ ಹಣ್ಣು ಆರಿಸಾಕ ಬರಂಗಿಲ್ಲ" ಎಂದಳು. ಆಮೇಲೆ ಒಡೆದು, ನಮಗಿಬ್ಬರಿಗೂ ಒಂದು ಕಾಳೂ ಕೊಡದೆ ಪೂರ್ತಿ ತಿಂದಳು.