ಅತ್ತಿಗೆಯ ಬದಲಿಗೆ ಊದಿದ ಉಸಿರು

ಅಣ್ಣ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಅತ್ತಿಗೆ, ನಾದಿನಿ ಇಬ್ಬರೇ ಉಳಿದರು. ಜಗಳವಾಡಲಿಕ್ಕಾದರೂ ಒಂದು ಜೀವ ಬೇಕಲ್ಲ ಎಂದು ಬೇರೆಯಾಗಲಿಲ್ಲ. ಕೆಲಸವೂ ಒಂದೇ ಕಡೆ. ಹಣ್ಣಿನ ರಸ ತೆಗೆಯುವ ಕಾರ್ಖಾನೆಯ ಬೆನ್ನಿಗೆ ಒಂದು ತಗಡಿನ ಶೆಡ್ಡು. ರಸದವರು ಬಿಸಾಡುವ ಕಿತ್ತಳೆ ಸಿಪ್ಪೆ ಲಾರಿಗಟ್ಟಲೆ ಅಲ್ಲಿಗೆ ಬರುತ್ತಿತ್ತು. ಸಿಪ್ಪೆಯೊಳಗೆ ರಕ್ತನಾಳಕ್ಕೆ ಒಳ್ಳೆಯದಾದ ಸತ್ವವೊಂದು ಇದೆಯಂತೆ. ಅದನ್ನು ಬಿಡಿಸಿ ಮಾತ್ರೆ ಮಾಡುವವರಿಗೆ ಕಳಿಸಬೇಕು.

ಸತ್ವ ಸುಮ್ಮನೆ ಹಿಂಡಿದರೆ ಬರುವುದಿಲ್ಲ. ಸಿಪ್ಪೆ ರುಬ್ಬಿ, ಆಳೆತ್ತರದ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಮೇಲೆ ಒಂದು ಪುಡಿ ಉದುರಿಸಬೇಕು. ಚೀಲದ ಮೇಲೆ ಕಿಣ್ವ ಎಂದು ಬರೆದಿತ್ತು. ಹೆಂಗಸರ ಬಾಯಲ್ಲಿ ಅದು ಬರೀ ಹಿಟ್ಟು. ಆ ಹಿಟ್ಟು ಸಿಪ್ಪೆಯನ್ನು ಮೆಲ್ಲಗೆ ತಿಂದು ಒಳಗಿದ್ದದ್ದನ್ನು ನೀರಿಗೆ ಬಿಡುತ್ತದೆ. ನಾಲ್ಕು ಗಂಟೆ ಎಂದು ಗೋಡೆಗೆ ಅಂಟಿಸಿದ ಕಾಗದ ಹೇಳುತ್ತಿತ್ತು. ಆದರೆ ಹಸಿ ಸಿಪ್ಪೆಗೊಂದು ಹೊತ್ತು, ಬಾಡಿದ್ದಕ್ಕೆ ಇನ್ನೊಂದು. ಅವಸರಪಟ್ಟು ಆವಿ ಬಿಟ್ಟು ಕಾಯಿಸಿದರೆ ಹಿಟ್ಟು ಸತ್ತು ಸತ್ವ ಸಿಪ್ಪೆಯಲ್ಲೇ ಉಳಿಯಿತು. ತಡವಾದರೆ ತೀರಾ ನುಣ್ಣಗಾಗಿ ಜರಡಿ ಕಟ್ಟಿಕೊಂಡಿತು. ಸರಿಯಾದ ಗಳಿಗೆ ಗೊತ್ತಿದ್ದದ್ದು ಅತ್ತಿಗೆಯ ಮೂಗಿಗೆ. ತೊಟ್ಟಿಯ ಮೇಲೆ ಬಗ್ಗಿ, ಸಿಪ್ಪೆಯ ಕಟುವಾಸನೆ ಇಳಿದು ಸಿಹಿಮುಗ್ಗಲು ಏಳುವುದನ್ನು ಕಾಯುತ್ತಿದ್ದಳು. "ಬಿಡ್ರೋ ಆವಿ" ಎಂದಳೆಂದರೆ ಮುಗಿಯಿತು, ಇಡೀ ಶೆಡ್ಡು ಓಡುತ್ತಿತ್ತು.

"ಗಡಿಯಾರ ಕೆಟ್ರೂ ಪರವಾಗಿಲ್ಲ, ನಿಮಗೆ ಮಾತ್ರ ನೆಗಡಿ ಆಗ್ಬಾರ್ದು ನೋಡಿ" ಎನ್ನುತ್ತಿದ್ದ ಮೇಸ್ತ್ರಿ.

ಮುಖಕ್ಕೆ ಕಟ್ಟಿಕೊಳ್ಳಲು ಕೊಟ್ಟಿದ್ದ ಮಾಸ್ಕು ಅತ್ತಿಗೆಯ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ನಾದಿನಿ ಹೇಳಿದರೆ, "ಮೂಗು ಮುಚ್ಕೊಂಡು ನಾನೇನು ಹೆಣ ಕಾಯ್ಲಾ? ಹಿಟ್ಟು ತಾನೆ, ವಿಷ ಅಲ್ವಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆರನೆಯ ವರ್ಷ ಕೆಮ್ಮು ಶುರುವಾಯಿತು. ಸಂಜೆ ಮೆಟ್ಟಿಲು ಹತ್ತುವಾಗ ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ. ಭಾನುವಾರ ಏನೂ ಇಲ್ಲ, ಬಟ್ಟೆ ಒಗೆದು ಹಾಡಿಕೊಳ್ಳುತ್ತಿದ್ದಳು. ಸೋಮವಾರ ಮತ್ತೆ.

"ಸೋಮವಾರ ಅಂದ್ರೆ ಯಾರಿಗೆ ತಾನೆ ಕೆಮ್ಮು ಬರಲ್ಲ?" ಎಂದು ನಕ್ಕಳು. ನಾದಿನಿಯೂ ನಕ್ಕಳು.

ವರ್ಷಕ್ಕೊಮ್ಮೆ ಒಂದು ವ್ಯಾನು ಬಂದು ಎಲ್ಲರ ಉಸಿರು ಪರೀಕ್ಷೆ ಮಾಡುತ್ತಿತ್ತು. ಕೊಳವೆಗೆ ಬಾಯಿಟ್ಟು ಊದಬೇಕು. ಯಂತ್ರದ ಮುಳ್ಳು ಮೇಲೇರದಿದ್ದರೆ ತೊಟ್ಟಿಯಿಂದ ಇಳಿಸಿ ಡಬ್ಬಿಗೆ ಚೀಟಿ ಅಂಟಿಸುವ ಕೋಣೆಗೆ ಹಾಕುತ್ತಿದ್ದರು. ಅತ್ತಿಗೆಗಿಂತ ಮೊದಲು ತೊಟ್ಟಿ ನೋಡುತ್ತಿದ್ದಾಕೆ ಅಲ್ಲಿ ಕೂತಿದ್ದಳು. ಹೋಗುವವರು ಬರುವವರು ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ನಿನ್ನ ಸರದಿ ಆದ್ಮೇಲೆ ನನ್ನ ನಂಬರಿನ ಬಿಲ್ಲೆ ಹಾಕ್ಕೊಂಡು ಇನ್ನೊಂದ್ಸಲ ಊದಿ ಬಾರೇ" ಎಂದಳು ಅತ್ತಿಗೆ. "ಒಂದು ಉಸಿರು ಜಾಸ್ತಿ ಬಿಟ್ರೆ ನಿನ್ನ ಗಂಟೇನು ಹೋಗುತ್ತೆ?"

"ಗೊತ್ತಾದ್ರೆ ಇಬ್ರಿಗೂ ಬಾಗಿಲು ತೋರಿಸ್ತಾರೆ ಅತ್ತಿಗೆ."

"ಈ ಟೋಪಿ ಕೋಟಲ್ಲಿ ನಮ್ಮನ್ನ ಹೆತ್ತೋರಿಗೂ ಗುರುತು ಸಿಗಲ್ಲ, ಹೋಗು ಮಾರಾಯ್ತಿ." ಆಮೇಲೆ ದನಿ ತಗ್ಗಿತು. "ನನ್ನ ಮಾತು ಎಲ್ಲಿ ನಡೆಯುತ್ತೆ ಹೇಳು? ಆ ತೊಟ್ಟಿ ಮುಂದೆ, ಅಷ್ಟೇ."

ನಾದಿನಿ ಊದಿದಳು. ಮಾರನೆಯ ವರ್ಷವೂ, ಅದರ ಮಾರನೆಯ ವರ್ಷವೂ. ಮೂರನೆಯ ಸಲ ನರ್ಸಮ್ಮ ಮುಳ್ಳು ನೋಡಿ, "ಈ ವಯಸ್ಸಲ್ಲಿ ಎಂಥಾ ಉಸಿರಮ್ಮ ನಿಮ್ದು!" ಎಂದಳು. ಮನೆಯಲ್ಲಿ ಅದನ್ನು ಹೇಳಿಕೊಂಡು ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅತ್ತಿಗೆಯ ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಅರ್ಧ ಗಂಟೆ ಹಿಡಿಯಿತು.

ಆ ವರ್ಷವೇ ಒಂದು ಮಧ್ಯಾಹ್ನ ತೊಟ್ಟಿಯ ಏಣಿಯ ಬುಡದಲ್ಲಿ ಕುಸಿದಳು. ತುಟಿ ನೀಲಿ. ಆಸ್ಪತ್ರೆಯ ಡಾಕ್ಟರು ಕಾರ್ಖಾನೆಯಿಂದ ಕಾಗದ ತರಿಸಿ ನೋಡಿದರು. "ಶ್ವಾಸಕೋಶ ಚೆನ್ನಾಗೇ ಇದೆಯಲ್ಲ, ಮೂರು ವರ್ಷದ ದಾಖಲೆ ಇದೆ. ಹಾಗಾದ್ರೆ ಇದು ಹೃದಯದ್ದೇ" ಎಂದು ಹೃದಯಕ್ಕೆ ಮಾತ್ರೆ ಬರೆದರು. ನಾದಿನಿ ಬಾಯಿ ತೆರೆದಳು. ಹಾಸಿಗೆಯ ಮೇಲಿಂದ ಅತ್ತಿಗೆ ಅವಳ ಮಣಿಕಟ್ಟನ್ನು ಹಿಡಿದು ಒತ್ತಿದಳು. ತೆರೆದ ಬಾಯಿ ಮುಚ್ಚಿತು.

ಹತ್ತು ದಿನಕ್ಕೆ ಅತ್ತಿಗೆ ತೊಟ್ಟಿಗೆ ವಾಪಸು. ಮಾತ್ರೆ ನುಂಗುತ್ತ ಹಿಟ್ಟು ಉದುರಿಸುತ್ತ ಇನ್ನೂ ಎರಡು ತಿಂಗಳು ತಳ್ಳಿದಳು. ಮತ್ತೆ ಬಿದ್ದಾಗ ಉಸಿರು ಎಳೆಯುವ ಸದ್ದು ವಾರ್ಡಿನ ಆ ತುದಿಗೆ ಕೇಳುತ್ತಿತ್ತು. ನಾದಿನಿ ಕಾರಿಡಾರಿನಲ್ಲಿ ಡಾಕ್ಟರನ್ನು ಅಡ್ಡಗಟ್ಟಿ, "ಆ ಕಾಗದದಲ್ಲಿರೋ ಉಸಿರು ನಂದು ಸಾರ್. ನಮ್ಮತ್ತಿಗೇದಲ್ಲ" ಎಂದಳು.

ಡಾಕ್ಟರು ಬೈಯಲಿಲ್ಲ. ಹಿಟ್ಟಿನ ಬಗ್ಗೆ ಕೇಳಿದರು, ಭಾನುವಾರಗಳ ಬಗ್ಗೆ ಕೇಳಿದರು. "ಆ ಪುಡಿಯ ಧೂಳೇ ಎದೆ ಹಿಡಿದಿದೆ. ಮೊದಲನೇ ವರ್ಷವೇ ಗೊತ್ತಾಗಿದ್ರೆ ದೂರ ಇಟ್ಟು ಉಳಿಸ್ಕೋಬಹುದಿತ್ತು. ಈಗ ಎಷ್ಟು ಉಳಿದಿದೆಯೋ ಅಷ್ಟೇ" ಎಂದರು.

ಸುದ್ದಿ ತಿಳಿದ ಕಾರ್ಖಾನೆ ಇಬ್ಬರನ್ನೂ ತೆಗೆದುಹಾಕಿತು. ನಾದಿನಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿಗೆ ಸೇರಿದಳು. ಮೂರು ವರ್ಷ ಸುಳ್ಳು ಊದಿದ್ದಕ್ಕೆ ಅತ್ತಿಗೆ ತನ್ನನ್ನು ಶಪಿಸುತ್ತಾಳೆ ಎಂದು ಕಾದಿದ್ದಳು. ಶಪಿಸಿದ್ದರೆ ಹೊರೆ ಇಳಿಯುತ್ತಿತ್ತೇನೋ. ಅತ್ತಿಗೆ ಅದರ ಮಾತೇ ಎತ್ತಲಿಲ್ಲ. ಮನೆಗೆ ಬಂದ ದಿನ ಗೋಡೆಯ ಕಡೆ ತಿರುಗಿ ಹೇಳಿದ್ದು ಇಷ್ಟೇ:

"ನನ್ನ ತೊಟ್ಟಿ ಕಿತ್ಕೊಂಡೆ ನೀನು. ಯಾರು ಹೇಳು ಅಂದಿದ್ರು?"

ಅಲ್ಲಿಂದ ಅವಳೊಡನೆ ಮಾತಿಲ್ಲ. ಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದಳು. "ಯಾರಾದ್ರೂ ನೀರು ಕೊಡ್ತಾರಾ." "ಯಾರಾದ್ರೂ ಹೊದಿಕೆ ತೆಗೀತಾರಾ." ಕೋಣೆಯಲ್ಲಿ ನಾದಿನಿಯೊಬ್ಬಳೇ. ಅವಳು ಎದ್ದು ಕೊಡುತ್ತಿದ್ದಳು, ತೆಗೆಯುತ್ತಿದ್ದಳು. ಹೀಗೆ ಹನ್ನೊಂದು ತಿಂಗಳು.

ಕೊನೆಯ ಬೆಳಿಗ್ಗೆ ದಿಂಬಿಗೆ ಒರಗಿ ಕೂತ ಅತ್ತಿಗೆಗೆ ಒಂದೊಂದು ಉಸಿರೂ ಬಾವಿಯಿಂದ ಸೇದಿದಂತೆ ಬರುತ್ತಿತ್ತು.

"ಯಾರಾದ್ರೂ... ಕಿಟಕಿ ತೆಗೀರಿ."

ಕಿಟಕಿ ಆಗಲೇ ಪೂರ್ತಿ ತೆರೆದಿತ್ತು. ನಾದಿನಿ ಎದ್ದುಹೋಗಿ ಅದನ್ನು ಮುಚ್ಚಿದಳು. ಅತ್ತಿಗೆಗೆ ಸದ್ದು ಕೇಳುವ ಹಾಗೆ ಮತ್ತೆ ತೆರೆದಳು.